ಇರುಳಿನ ಡ್ರೋನ್ ಮತ್ತು ಕೆಳಗೆ ನಿಂತ ಜನ

ಮದುವೆಯ ಕಾಲ ಬಂದಿತೆಂದರೆ ನಮ್ಮ ಊರುಗಳ ಕಲ್ಯಾಣ ಮಂಟಪಗಳ ಮೇಲೆ ಇರುಳು ಹೊತ್ತಿನಲ್ಲಿ ಒಂದು ಹೊಸ ಬಗೆಯ ಹಕ್ಕಿ ಹಾರಾಡುವುದನ್ನು ಎಲ್ಲರೂ ಕಾಣುತ್ತಿದ್ದೇವೆ. ನಾಲ್ಕು ರೆಕ್ಕೆಗಳು ಗುಂಯ್ ಎಂದು ತಿರುಗುತ್ತವೆ. ಕೆಂಪು, ಹಸಿರು ದೀಪಗಳು ಮಿನುಗುತ್ತವೆ. ಆರತಕ್ಷತೆಗೆ ಬಂದ ನೆಂಟರಿಷ್ಟರು ಊಟದೆಲೆಯಿಂದ ತಲೆಯೆತ್ತಿ ನೋಡುತ್ತಾರೆ. ಮಕ್ಕಳು ಅದರ ಕೆಳಗೇ ಕೇಕೆ ಹಾಕುತ್ತ ಓಡುತ್ತವೆ. ಗಣೇಶನ ಮೆರವಣಿಗೆ, ಜಾತ್ರೆಯ ತೇರು, ರಾಜಕೀಯ ಪಕ್ಷಗಳ ಬಹಿರಂಗ ಸಭೆ, ಎಲ್ಲೆಲ್ಲಿಯೂ ಈಗ ಇದೇ ನೋಟ. ನಮ್ಮ ಪಕ್ಷದ ಸಭೆಗಳೂ ಇದಕ್ಕೆ ಹೊರತಲ್ಲವೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಡ್ರೋನ್ ಹಾರದಿದ್ದರೆ ಸಮಾರಂಭ ಕಳೆಗಟ್ಟುವುದಿಲ್ಲವೆಂಬ ಭಾವನೆ ಉಳ್ಳವರಲ್ಲಿ ಹುಟ್ಟಿ ಇಲ್ಲದವರವರೆಗೂ ಇಳಿದು ಬಂದಿದೆ.

ಅದು ಎಂತಹ ಚಿತ್ರ ತೆಗೆಯುತ್ತದೆಂದು ಎಲ್ಲರೂ ಕೇಳುತ್ತಾರೆ. ಕತ್ತಲಲ್ಲಿ ಅದಕ್ಕೆ ಎದುರಿನ ತಂತಿ ಕಾಣುತ್ತದೆಯೇ ಎಂದು ಕೇಳುವವರು ವಿರಳ. ಕಾಣುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಯಂತ್ರಕ್ಕೂ ಕಾಣುವುದಿಲ್ಲ, ನೆಲದ ಮೇಲೆ ನಿಂತು ಅದನ್ನು ಹಾರಿಸುವ ಹುಡುಗನಿಗೂ ಕಾಣುವುದಿಲ್ಲ. ಹೀಗಿದ್ದೂ ಹಾರಾಟ ನಡೆಯುವುದು ಜನರ ತಲೆಯ ಮೇಲೆ. ಅನಾಹುತ ನಡೆದ ಮೇಲೆ ಹೊಣೆ ಬೀಳುವುದು ದಿನದ ಕೂಲಿಗೆ ಬಂದ ಆ ಹುಡುಗನ ತಲೆಯ ಮೇಲೆ. ಈ ಅನ್ಯಾಯವನ್ನು ಕುರಿತು ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಹೊಲಕ್ಕೆ ಔಷಧಿ ಸಿಂಪಡಿಸುವ ಕೂಲಿಕಾರ ವಿಷವನ್ನು ಬೆನ್ನಿಗೆ ಕಟ್ಟಿಕೊಂಡು ಉಸಿರಾಡುವುದನ್ನು ಈ ಯಂತ್ರ ತಪ್ಪಿಸುವುದಾದರೆ ಅದು ಸ್ವಾಗತಾರ್ಹವೇ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಇಂತಹ ವಿದ್ಯೆ ಬರುವುದು ಸಂತೋಷದ ವಿಷಯ. ನೆರೆ ಬಂದಾಗ ಸಿಕ್ಕಿಹಾಕಿಕೊಂಡವರನ್ನು ಹುಡುಕುವುದಕ್ಕೂ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ಆಕ್ಷೇಪಣೆ ಇರುವುದು, ಕತ್ತಲಲ್ಲಿ ತಂತಿ, ಕಂಬ, ಮರ, ಚಿಮಣಿಗಳ ನಡುವೆ, ಜನಜಂಗುಳಿಯ ಮೇಲೆ, ಯಾವ ಸಿದ್ಧತೆಯೂ ಇಲ್ಲದೆ ಇದನ್ನು ಹಾರಿಸುವ ಪದ್ಧತಿಗೆ.

ಈ ಯಂತ್ರ ಅಡ್ಡ ಬಂದುದನ್ನು ಹೇಗೆ ಗುರುತಿಸುತ್ತದೆಂಬುದನ್ನು ಮೊದಲು ತಿಳಿಯಬೇಕು. ಸಾಮಾನ್ಯವಾಗಿ ಸ್ಟುಡಿಯೋದವರು ಬಳಸುವ ಡ್ರೋನ್‌ಗಳಲ್ಲಿ ಮುಂದೆ, ಹಿಂದೆ, ಕೆಳಗೆ ಪುಟ್ಟ ಕ್ಯಾಮೆರಾಗಳಿರುತ್ತವೆ. ಅಕ್ಕಪಕ್ಕದ ಎರಡು ಕ್ಯಾಮೆರಾಗಳಿಗೆ ಕಾಣುವ ಚಿತ್ರಗಳನ್ನು ಹೋಲಿಸಿ, ನಮ್ಮ ಎರಡು ಕಣ್ಣುಗಳು ದೂರವನ್ನು ಅಳೆಯುವಂತೆ, ಯಂತ್ರವು ಎದುರಿನ ವಸ್ತುವಿನ ದೂರವನ್ನು ಅಳೆಯುತ್ತದೆ. ಇದಕ್ಕೆ ಬೆಳಕು ಬೇಕು. ತಯಾರಕರು ಕೊಡುವ ಕೈಪಿಡಿಗಳಲ್ಲೇ ಸಾಮಾನ್ಯವಾಗಿ 15 ಲಕ್ಸ್‌ಗಿಂತ ಹೆಚ್ಚಿನ ಬೆಳಕಿರಬೇಕೆಂದು ಬರೆದಿರುತ್ತದೆ. ಹುಣ್ಣಿಮೆಯ ತುಂಬು ಬೆಳದಿಂಗಳು 1 ಲಕ್ಸ್ ಕೂಡ ಆಗುವುದಿಲ್ಲ! ಅಂದ ಮೇಲೆ ಕತ್ತಲಾದೊಡನೆ ಈ ಕಣ್ಣುಗಳು ಮುಚ್ಚಿದಂತೆಯೇ ಸರಿ. ಮಂಟಪದ ಮುಂದೆ ಹಾಕಿದ ಫೋಕಸ್ ದೀಪಗಳಿಂದಲೂ ಪ್ರಯೋಜನವಿಲ್ಲ. ಒಂದು ಕಡೆ ಕಣ್ಣು ಕುಕ್ಕುವ ಬೆಳಕು, ಇನ್ನೊಂದು ಕಡೆ ಗಾಢ ಕತ್ತಲು, ಎರಡೂ ಯಂತ್ರವನ್ನು ದಾರಿ ತಪ್ಪಿಸುವಂಥವೇ. ಇತ್ತೀಚಿನ ಕೆಲವು ದುಬಾರಿ ಮಾದರಿಗಳು ಲೇಸರ್ ಕಿರಣ ಬಿಟ್ಟು ಕತ್ತಲಲ್ಲೂ ತಡೆಗಳನ್ನು ಗುರುತಿಸುತ್ತವೆ. ಆದರೆ ಸಣ್ಣ ಊರಿನ ಸ್ಟುಡಿಯೋದವನ ಕೈಗೆ ಅವು ಸುಲಭವಾಗಿ ಎಟಕುವಂಥವಲ್ಲ. ತೆಳ್ಳನೆಯ ತಂತಿಯಂತೂ ಹಾಡುಹಗಲಿನಲ್ಲಿಯೇ ಈ ಯಂತ್ರಗಳ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ.

ಯಂತ್ರ ಕಾಣದಿದ್ದರೇನು, ಹಾರಿಸುವವನಿಗೆ ಕಣ್ಣಿಲ್ಲವೇ ಎಂದು ಕೆಲವರು ಕೇಳಬಹುದು. ಮನುಷ್ಯನ ಕಣ್ಣು ಕತ್ತಲೆಗೆ ಸರಿಯಾಗಿ ಒಗ್ಗಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ರಾತ್ರಿ ಪಾಳಿಯಲ್ಲಿ ದೀಪದ ಬೆಳಕಿನಿಂದ ಹೊರಗಿನ ಅಂಗಳಕ್ಕೆ ಕಾಲಿಟ್ಟ ಯಾವ ಮಿಲ್ಲಿನ ಕೆಲಸಗಾರನಿಗೂ ಇದನ್ನು ನಾವು ವಿವರಿಸಬೇಕಾಗಿಲ್ಲ. ಡ್ರೋನ್ ಹಾರಿಸುವವನು ಗಳಿಗೆ ಗಳಿಗೆಗೂ ಪ್ರಕಾಶಮಾನವಾದ ಫೋನಿನ ಪರದೆಯನ್ನು ನೋಡುತ್ತಿರಬೇಕು. ಅಲ್ಲಿಂದ ತಲೆಯೆತ್ತಿದರೆ ಆಕಾಶದಲ್ಲಿ ಅವನಿಗೆ ಕಾಣುವುದು ಒಂದೆರಡು ಬೆಳಕಿನ ಚುಕ್ಕೆ ಮಾತ್ರ. ಆ ಚುಕ್ಕೆ ತಂತಿಯ ಈಚೆಗಿದೆಯೋ ಆಚೆಗಿದೆಯೋ, ಯಂತ್ರದ ಮುಖ ತನ್ನ ಕಡೆಗಿದೆಯೋ ಅತ್ತ ಕಡೆಗಿದೆಯೋ, ಹೇಳುವುದು ಕಷ್ಟ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವ ಯಂತ್ರ, 10 ಮೀಟರ್ ದೂರದಲ್ಲಿ ತಂತಿ ಕಂಡಿತೆಂದು ಅವನು ಬೆರಳು ಅಲುಗಿಸುವಷ್ಟರಲ್ಲಿ ತಂತಿಗೆ ತಾಗಿಯಾಗಿರುತ್ತದೆ.

ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಕೈಯಲ್ಲಿರುವ ನಿಯಂತ್ರಕಕ್ಕೂ ಯಂತ್ರಕ್ಕೂ ನಡುವಿನ ರೇಡಿಯೋ ಸಂಪರ್ಕ ಕಡಿದುಹೋದರೆ, ಹೊರಟ ಜಾಗಕ್ಕೆ ತಾನೇ ಹಿಂತಿರುಗುವ ಏರ್ಪಾಡು ಈ ಯಂತ್ರಗಳಲ್ಲಿದೆ. ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ನೇರವಾಗಿ ಹಾರಿ ಬಂದು ಇಳಿಯುವುದು ಅದರ ಕ್ರಮ. ಗೊತ್ತುಮಾಡಿದ ಎತ್ತರ 30 ಮೀಟರ್ ಇದ್ದು, ದಾರಿಯಲ್ಲಿ 40 ಮೀಟರ್ ಎತ್ತರದ ಮೊಬೈಲ್ ಗೋಪುರವೋ ಮಿಲ್ಲಿನ ಹಳೆಯ ಚಿಮಣಿಯೋ ನಿಂತಿದ್ದರೆ? ಹಗಲಿನಲ್ಲಾದರೆ ಯಂತ್ರ ತಡೆಯನ್ನು ಕಂಡು ನಿಂತೀತು. ಇರುಳಿನಲ್ಲಿ ಅದು ನೇರವಾಗಿ ಹೋಗಿ ಬಡಿಯುತ್ತದೆ. ಅಪಾಯದಿಂದ ಪಾರುಮಾಡಲೆಂದು ಇಟ್ಟ ಏರ್ಪಾಡೇ ಅಪಾಯವಾಗಿ ಪರಿಣಮಿಸುತ್ತದೆ.

ಈಗ ನಮ್ಮ ಪೇಟೆಬೀದಿಗಳನ್ನು ಕಣ್ಣಮುಂದೆ ತಂದುಕೊಳ್ಳಿ. ರಸ್ತೆಯ ಒಂದು ಪಕ್ಕಕ್ಕೆ 11 ಕಿಲೋವೋಲ್ಟ್ ತಂತಿ, ಇನ್ನೊಂದು ಪಕ್ಕಕ್ಕೆ ಮನೆಗಳಿಗೆ ಹೋಗುವ ತಂತಿ. ಅವುಗಳ ನಡುವೆ ಟಿ.ವಿ. ಕೇಬಲ್ಲು, ಹಬ್ಬಕ್ಕೆ ಕಟ್ಟಿದ ತೋರಣದ ಹಗ್ಗ, ಚುನಾವಣೆ ಮುಗಿದರೂ ಬಿಚ್ಚದ ಬ್ಯಾನರಿನ ದಾರ. ಮಂಟಪದ ಮುಂದೊಂದು ತೆಂಗಿನ ಮರ, ಹಿಂದೊಂದು ಟ್ರಾನ್ಸ್‌ಫಾರ್ಮರ್. ಎತ್ತರದ ಗೋಪುರಕ್ಕಾದರೋ ತುದಿಯಲ್ಲಿ ಕೆಂಪು ದೀಪವಿರುತ್ತದೆ. ಬೀದಿಯ ತಂತಿಗೆ ದೀಪ ಕಟ್ಟಿದವರು ಯಾರು? ಕಬ್ಬಿಣದ ಚಪ್ಪರದ ಪಕ್ಕದಿಂದ ಯಂತ್ರವನ್ನು ಮೇಲೆಬ್ಬಿಸಿದರೆ ಅದರೊಳಗಿನ ದಿಕ್ಸೂಚಿಯೇ ತಪ್ಪು ಹೇಳುವ ಸಂಭವವುಂಟು. ಇಂತಹ ಬಲೆಯ ಒಳಗೆ ಕತ್ತಲಲ್ಲಿ ಯಂತ್ರವನ್ನು ಬಿಟ್ಟು, ದೇವರ ಮೇಲೆ ಭಾರ ಹಾಕುವುದು ಈಗ ನಡೆದುಬಂದಿರುವ ಪದ್ಧತಿ.

ಬಿದ್ದರೆ ಏನಾದೀತು, ಅಂಗೈಯಗಲದ ಆಟಿಕೆ ತಾನೇ ಎಂದು ಲಘುವಾಗಿ ಮಾತನಾಡುವವರಿದ್ದಾರೆ. ಸುಮಾರು 900 ಗ್ರಾಂ ತೂಕದ ವಸ್ತು 30 ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 85 ಕಿಲೋಮೀಟರಿಗೂ ಹೆಚ್ಚು. ಗಾಳಿ ಅದನ್ನು ಎಷ್ಟೇ ತಗ್ಗಿಸಿದರೂ, ಮೇಲಿನಿಂದ ಜಾರಿದ ಒಂದು ಪಾನಾ ಕೆಳಗಿನವನ ತಲೆಗೆ ಏನು ಮಾಡುತ್ತದೆಂಬುದನ್ನು ಕಾರ್ಖಾನೆಯಲ್ಲಿ ದುಡಿದವರು ಬಲ್ಲರು. ಇಲ್ಲಿ ಅದರ ಜೊತೆಗೆ ತಿರುಗುವ ರೆಕ್ಕೆಗಳಿವೆ. ಪೆಟ್ಟು ಬಿದ್ದರೆ ಬೆಂಕಿ ಹತ್ತಬಲ್ಲ ಲಿಥಿಯಂ ಬ್ಯಾಟರಿಯಿದೆ. ಯಂತ್ರ ತಂತಿಗೆ ಸಿಕ್ಕಿ ಎರಡು ತಂತಿಗಳನ್ನು ಕೂಡಿಸಿತೆಂದರೆ ಇಡೀ ಪೇಟೆಯ ವಿದ್ಯುತ್ ಹೋಗಬಹುದು. ಆಗ ಮಂಟಪದವರು ಜನರೇಟರ್ ಹಚ್ಚಿಕೊಳ್ಳುತ್ತಾರೆ. ಆದರೆ ಹಿಂದಿನ ಬೀದಿಯಲ್ಲಿ ಮಗ್ಗ ನಿಲ್ಲುತ್ತದೆ, ಗಜದ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನ ರಾತ್ರಿಯ ದುಡಿಮೆ ಹೋಗುತ್ತದೆ. ಅವನು ಆ ಮದುವೆಗೆ ಕರೆಸಿಕೊಂಡವನೂ ಅಲ್ಲ, ಊಟ ಮಾಡಿದವನೂ ಅಲ್ಲ! ಎಲ್ಲಕ್ಕಿಂತ ಭಯಂಕರವಾದುದೆಂದರೆ, ತಂತಿಯಲ್ಲಿ ಸಿಕ್ಕ ಯಂತ್ರವನ್ನು ಬಿಡಿಸಲು ಬಿದಿರುಗಳುವೋ ಕಬ್ಬಿಣದ ಏಣಿಯೋ ಹಿಡಿದು ಹೊರಡುವುದು. ಯಂತ್ರದ ಬೆಲೆಗೆ ಹೆದರಿ ಪ್ರಾಣವನ್ನು ಪಣಕ್ಕಿಡುವ ಈ ಹುಚ್ಚು ಸಾಹಸವನ್ನು ಯಾರೂ ಮಾಡಬಾರದು. 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬರುವವರೆಗೆ ಕಾಯಬೇಕು.

ಇದೆಲ್ಲ ಹೆದರುಪುಕ್ಕರ ಕಲ್ಪನೆಯೆಂದು ಯಾರಿಗಾದರೂ ಅನ್ನಿಸಿದರೆ ಹೊರದೇಶಗಳಲ್ಲಿ ನಡೆದುದನ್ನು ನೋಡಬಹುದು. 2015ರ ಡಿಸೆಂಬರ್ 22ರ ರಾತ್ರಿ ಇಟಲಿಯ ಮದೋನ್ನಾ ದಿ ಕಂಪೀಲ್ಯೋ ಎಂಬಲ್ಲಿ ಹಿಮದ ಮೇಲೆ ಜಾರುವ ಪಂದ್ಯ ದೀಪದ ಬೆಳಕಿನಲ್ಲಿ ನಡೆಯುತ್ತಿತ್ತು. ಆಸ್ಟ್ರಿಯಾದ ಪ್ರಸಿದ್ಧ ಆಟಗಾರ ಮಾರ್ಸೆಲ್ ಹಿರ್ಷರ್ ಇಳಿದು ಬರುತ್ತಿದ್ದಾಗ ಚಿತ್ರ ತೆಗೆಯುತ್ತಿದ್ದ ಡ್ರೋನ್ ಅವನ ಬೆನ್ನ ಹಿಂದೆಯೇ ಬಿದ್ದು ಚೂರಾಯಿತು. ಒಂದು ಕ್ಷಣ ಹಿಂದುಮುಂದಾಗಿದ್ದರೆ ಅವನ ಕಥೆಯೇ ಬೇರೆಯಾಗುತ್ತಿತ್ತು. 2017ರ ಸೆಪ್ಟೆಂಬರ್ 21ರಂದು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಬಳಿ ಒಬ್ಬನ ಡ್ರೋನ್ ಅಮೆರಿಕದ ಸೈನ್ಯದ ಹೆಲಿಕಾಪ್ಟರಿಗೆ ಡಿಕ್ಕಿ ಹೊಡೆಯಿತು. ಹಾರಿಸಿದವನು ಸುಮಾರು ಎರಡೂವರೆ ಮೈಲಿ ದೂರದಲ್ಲಿದ್ದ; ಯಂತ್ರ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಹೆಲಿಕಾಪ್ಟರಿನಲ್ಲಿ ಸಿಕ್ಕ ಡ್ರೋನಿನ ತುಂಡಿನಿಂದ ಪತ್ತೆ ಹಚ್ಚಿ ತನಿಖೆಯವರು ಬಂದು ಕೇಳುವವರೆಗೆ ಡಿಕ್ಕಿಯಾದ ಸಂಗತಿಯೇ ಅವನಿಗೆ ಗೊತ್ತಿರಲಿಲ್ಲ! 2024ರ ಡಿಸೆಂಬರ್ 21ರಂದು ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೋ ನಗರದಲ್ಲಿ ಕೆರೆಯ ದಡದಲ್ಲಿ ಕ್ರಿಸ್‌ಮಸ್ ಪ್ರಯುಕ್ತ ನೂರಾರು ಡ್ರೋನ್‌ಗಳ ಬೆಳಕಿನ ಪ್ರದರ್ಶನ ಏರ್ಪಟ್ಟಿತ್ತು. ಕೆಲವು ಯಂತ್ರಗಳು ಒಂದಕ್ಕೊಂದು ತಾಗಿ ಕೆಳಗೆ ಬಿದ್ದವು. ಒಂದು ಯಂತ್ರ ಜನರ ನಡುವೆ ನುಗ್ಗಿ ಏಳು ವರ್ಷದ ಬಾಲಕನ ಎದೆಗೆ ಬಡಿಯಿತು. ಆ ಎಳೆಯ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಹಾರಾಟದ ನಕ್ಷೆ 7 ಡಿಗ್ರಿಯಷ್ಟು ಓರೆಯಾಗಿತ್ತೆಂದು ತನಿಖೆಯಿಂದ ತಿಳಿದುಬಂತು. ಹಣಕ್ಕೆ ಕೊರತೆಯಿಲ್ಲದ, ಪರಿಣತರಿಗೆ ಕೊರತೆಯಿಲ್ಲದ ಊರಿನಲ್ಲೇ ಹೀಗಾಗುವುದಾದರೆ ನಮ್ಮ ಬೀದಿಗಳ ಪಾಡೇನು?

ಕಾನೂನು ಏನು ಹೇಳುತ್ತದೆಂದು ನೋಡೋಣ. 2018ರ ಡಿಸೆಂಬರ್ 1ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದ ನಿಯಮಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಗಲು ಹೊತ್ತಿನಲ್ಲಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಾತ್ರ ಹಾರಿಸಬೇಕೆಂದು ಗೆರೆ ಎಳೆದಿದ್ದವು. 2021ರ ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮಗಳು ಹೊರಬಿದ್ದವು. ಫಾರಂಗಳ ಸಂಖ್ಯೆ 25ರಿಂದ 5ಕ್ಕೆ ಇಳಿಯಿತು. 72 ಬಗೆಯ ಶುಲ್ಕಗಳ ಜಾಗದಲ್ಲಿ ನಾಲ್ಕು ಉಳಿದವು. ಸಣ್ಣ ವ್ಯಾಪಾರಿಗೆ ಕಾಗದದ ಹೊರೆ ಕಡಿಮೆಯಾದುದಕ್ಕೆ ನಾವು ಅಳುವವರಲ್ಲ. ಆ ನಿಯಮಗಳಲ್ಲಿ ಒಳ್ಳೆಯ ಅಂಶಗಳೂ ಇವೆ. 250 ಗ್ರಾಂ ಮೀರಿದ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವನು ತರಬೇತಿ ಹೊಂದಿ ಪ್ರಮಾಣಪತ್ರ ಪಡೆದಿರಬೇಕು. ಲಾರಿ, ಬಸ್ಸುಗಳಿಗಿರುವಂತೆ ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇರಬೇಕು. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕು.

ಆದರೆ ಕಾಗದದ ಮೇಲಿನ ನಿಯಮ ಪೇಟೆಗೆ ಇಳಿದು ಬರುವುದು ಹೇಗೆ? ತರಬೇತಿಗೆ ತೆರಬೇಕಾದ ಹಲವು ಸಾವಿರ ರೂಪಾಯಿ ಶುಲ್ಕವನ್ನು ದಿನಗೂಲಿಯ ಹುಡುಗ ಎಲ್ಲಿಂದ ತರಬೇಕು? 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ಸರ್ಕಾರ ನಿಷೇಧಿಸಿತು. ಹಾಗೆಂದು ಮದುವೆ ಮನೆಯವರ ಆಸೆ ನಿಲ್ಲಲಿಲ್ಲ. ಕಳ್ಳದಾರಿಯಿಂದ ಬಂದ ಯಂತ್ರಕ್ಕೆ ನೋಂದಣಿ ಇಲ್ಲ; ನೋಂದಣಿ ಇಲ್ಲದ ಯಂತ್ರಕ್ಕೆ ವಿಮೆಯ ಆಸರೆ ಇಲ್ಲ. ಸಾಲ ಮಾಡಿ ಅಂತಹ ಯಂತ್ರ ಕೊಂಡ ಸ್ಟುಡಿಯೋ ಮಾಲೀಕ ಒಂದೇ ಒಂದು ಅಪಘಾತದಲ್ಲಿ ಅಂಗಡಿಯನ್ನೇ ಕಳೆದುಕೊಳ್ಳಬಹುದು. ಇದನ್ನು ನಮ್ಮ ವ್ಯಾಪಾರಿ ಬಂಧುಗಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿಯೂ 2016ರ ನಿಯಮ ಸಂಪಾದನೆಯ ಡ್ರೋನ್ ಹಾರಾಟವನ್ನು ಹಗಲಿಗೆ ಕಟ್ಟಿಹಾಕಿತ್ತು; ರಾತ್ರಿ ಹಾರಿಸಬೇಕೆಂದವರು ಬೇರೆಯಾಗಿ ಅನುಮತಿ ಬೇಡಬೇಕಿತ್ತು. 2021ರ ಏಪ್ರಿಲ್‌ನಿಂದ ರಾತ್ರಿಗೂ ಬಾಗಿಲು ತೆರೆದರು. ಆದರೆ ಹಾರಿಸುವವನು ರಾತ್ರಿಯ ಹಾರಾಟದ ಪಾಠ ಕಲಿತಿರಬೇಕು, ಯಂತ್ರದ ಮೇಲೆ ಮೂರು ಮೈಲಿಗೆ ಕಾಣುವಂತಹ ಮಿನುಗುದೀಪ ಇರಬೇಕು ಎಂಬ ಕಟ್ಟಳೆಗಳೊಡನೆ. ನಮ್ಮಲ್ಲಿ ಇರುಳಿನ ಹಾರಾಟಕ್ಕೆ ಯಾವ ದೀಪ ಬೇಕು, ಯಾವ ಪಾಠ ಬೇಕು, ಜನರಿಂದ ಎಷ್ಟು ದೂರ ಬೇಕು ಎಂಬುದನ್ನು ಮದುವೆ ಮನೆಯ ಹುಡುಗನಿಗೂ ಪೊಲೀಸ್ ಠಾಣೆಯ ಪೇದೆಗೂ ಅರ್ಥವಾಗುವ ಕನ್ನಡದಲ್ಲಿ ಹೇಳಿ, ಬೀದಿಬೀದಿಗೂ ಮುಟ್ಟಿಸುವುದು ಸರ್ಕಾರದ ಕರ್ತವ್ಯ.

ಇನ್ನು ಆ ಹುಡುಗನ ಸ್ಥಿತಿಯನ್ನು ಯೋಚಿಸಿ. ಗಾಳಿ ಜೋರಾಗಿದೆ, ಮಂಟಪದ ಪಕ್ಕದಲ್ಲೇ ತಂತಿ ಇದೆ, ಕೆಳಗೆ ನೂರಾರು ಜನ. ಅವನ ಮನಸ್ಸು ಬೇಡವೆನ್ನುತ್ತದೆ. ಅಷ್ಟರಲ್ಲಿ ವರನ ಕಡೆಯ ಹಿರಿಯರೊಬ್ಬರು ಬಂದು, “ಏನಯ್ಯಾ, ಇಷ್ಟು ದುಡ್ಡು ಕೊಟ್ಟಿದ್ದೇವೆ, ಹಾರಿಸುವುದಿಲ್ಲ ಅಂದರೆ ಹೇಗೆ?” ಎಂದು ಗದರಿಸುತ್ತಾರೆ. ಸ್ಟುಡಿಯೋ ಮಾಲೀಕನಿಗೆ ಗಿರಾಕಿ ಕೈಬಿಟ್ಟಾನೆಂಬ ಭಯ. ಹುಡುಗನಿಗೆ ಕೆಲಸ ಹೋದೀತೆಂಬ ಭಯ. ಹೀಗೆ ಭಯದಿಂದ ಮೇಲೇರಿದ ಯಂತ್ರ ಒಂದು ಮಗುವಿನ ಮೇಲೆ ಬಿದ್ದರೆ, ಮೊಕದ್ದಮೆ ಯಾರ ಮೇಲೆ? ಗದರಿಸಿದವರ ಮೇಲಲ್ಲ! ಕೈಯಲ್ಲಿ ನಿಯಂತ್ರಕ ಹಿಡಿದಿದ್ದವನ ಮೇಲೆ. ಆಜ್ಞೆ ಒಬ್ಬರದು, ಲಾಭ ಒಬ್ಬರದು, ಜೈಲು ಮಾತ್ರ ದುಡಿಯುವವನದು!

ಮಿಲ್ಲಿನ ಬಂಧುಗಳಿಗೆ ಇದು ಹೊಸ ಕಥೆಯಲ್ಲ. ಒಂದು ಕಾಲದಲ್ಲಿ ಗಿರಣಿಗಳಲ್ಲಿ ಬೆಲ್ಟಿಗೆ, ಹಲ್ಲುಚಕ್ರಕ್ಕೆ ತಡಿಕೆ ಇರಲಿಲ್ಲ. ಕೈ ಸಿಕ್ಕಿ ಬೆರಳು ಹೋದರೆ “ಕೆಲಸಗಾರನ ಅಜಾಗರೂಕತೆ” ಎಂದು ಬರೆದು ಮುಗಿಸುತ್ತಿದ್ದರು. ಯಂತ್ರಕ್ಕೆ ಬೇಲಿ ಕಟ್ಟುವುದು ಮಾಲೀಕನ ಹೊಣೆಯೆಂಬ ಮಾತು 1948ರ ಕಾರ್ಖಾನೆ ಕಾಯಿದೆಯಲ್ಲಿ ಅಚ್ಚಾದರೂ, ಆ ತಡಿಕೆ ನಿಜವಾಗಿ ಯಂತ್ರದ ಮೇಲೆ ಬಂದು ಕೂತದ್ದು ಕಾರ್ಮಿಕರು ಒಗ್ಗಟ್ಟಾಗಿ ಕೇಳಿದ ಕಡೆಗಳಲ್ಲಿ. ಆಕಾಶದಲ್ಲಿ ಹಾರುವ ಯಂತ್ರಕ್ಕೂ ಅಂತಹದೇ ಒಂದು ಬೇಲಿ ಬೇಕು. ಈ ಬೇಲಿ ಕಬ್ಬಿಣದ್ದಲ್ಲ. “ಈ ರಾತ್ರಿ, ಈ ಜಾಗದಲ್ಲಿ ಹಾರಿಸುವುದಿಲ್ಲ” ಎಂದು ಹೇಳಿಯೂ ಕೂಲಿ ಕಳೆದುಕೊಳ್ಳದಿರುವ ಹಕ್ಕೇ ಆ ಬೇಲಿ.

ಆದುದರಿಂದ ನಮ್ಮ ಸಲಹೆಗಳು ಇವು. ಮೊದಲನೆಯದಾಗಿ, ಸೇರಿದ ಜನರ ನೇರ ಮೇಲೆ ಇರುಳಿನಲ್ಲಿ ಡ್ರೋನ್ ಹಾರಿಸಲೇಬಾರದು. ಚಿತ್ರ ಬೇಕಾದರೆ ಪಕ್ಕದ ತೆರವಾದ ಜಾಗದಿಂದ ತೆಗೆಯಲಿ. ಎರಡನೆಯದಾಗಿ, ರಾತ್ರಿ ಹಾರಿಸುವವನು ಹಗಲಿನಲ್ಲೇ ಆ ಜಾಗಕ್ಕೆ ಹೋಗಿ ತಂತಿ, ಕಂಬ, ಮರ, ಗೋಪುರಗಳನ್ನು ಗುರುತುಹಾಕಿಕೊಂಡು, ಹಿಂತಿರುಗುವ ಎತ್ತರವನ್ನು ಅಲ್ಲಿಯ ಅತಿ ಎತ್ತರದ ವಸ್ತುವಿಗಿಂತ ಮೇಲಕ್ಕೆ, ಕಾನೂನಿನ ಮಿತಿಯೊಳಗೆ ಗೊತ್ತುಮಾಡಬೇಕು. ಮೂರನೆಯದಾಗಿ, ಪರದೆ ನೋಡುವವನ ಜೊತೆಗೆ ಆಕಾಶವನ್ನೇ ನೋಡುವ ಇನ್ನೊಬ್ಬ ಇರಬೇಕು. ಇದಕ್ಕೆಲ್ಲ ಅರ್ಧ ದಿನದ ಕೆಲಸ, ಇನ್ನೊಬ್ಬನ ಕೂಲಿ ಹೆಚ್ಚಾಗುತ್ತದೆ. ಆ ಹಣವನ್ನು ಸಮಾರಂಭ ಮಾಡಿಸುವವರು ಕೊಡಬೇಕು. ಕೊಡಲಾರದವರು ಡ್ರೋನಿಲ್ಲದೆ ಮದುವೆ ಮಾಡಲಿ. ನಮ್ಮ ಅಜ್ಜ ಅಜ್ಜಿಯರ ಮದುವೆಗೆ ಯಾವ ಡ್ರೋನ್ ಹಾರಿತ್ತು?

ನಾಲ್ಕನೆಯದಾಗಿ, ಊರಿನ ಛಾಯಾಗ್ರಾಹಕರೂ ಸ್ಟುಡಿಯೋ ಮಾಲೀಕರೂ ಒಂದುಗೂಡಿ, ಅಪಾಯವೆಂದು ಕಂಡಲ್ಲಿ ಹಾರಿಸದಿರುವ ಅಧಿಕಾರ ಹಾರಿಸುವವನದೇ ಎಂಬ ಷರತ್ತನ್ನು ರಸೀತಿಯ ಮೇಲೆ ಅಚ್ಚು ಹಾಕಿಸಬೇಕು. ಒಬ್ಬನೇ ಹಾಗೆ ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಲ್ಲರೂ ಮಾಡಿದರೆ ಎಲ್ಲಿಗೆ ಹೋದಾನು? ಐದನೆಯದಾಗಿ, ಸರ್ಕಾರ ಜಿಲ್ಲಾ ಕೇಂದ್ರದ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಬಡ ಹುಡುಗ ಹುಡುಗಿಯರಿಗೆ ಡ್ರೋನ್ ತರಬೇತಿಯನ್ನು ಉಚಿತವಾಗಿ ಕೊಡಿಸಬೇಕು. ಪಾಠ ಕನ್ನಡದಲ್ಲಿ ನಡೆಯಬೇಕು. ಆರನೆಯದಾಗಿ, ಜಾತ್ರೆ, ಮೆರವಣಿಗೆಗಳ ಕಾಲದಲ್ಲಿ ಒಂದು ಪ್ರದೇಶವನ್ನು ತಾತ್ಕಾಲಿಕವಾಗಿ ಹಾರಾಟ ನಿಷಿದ್ಧವಾದ ಕೆಂಪು ವಲಯವೆಂದು ಸಾರುವ ಅಧಿಕಾರ ನಿಯಮದಲ್ಲೇ ಇದೆ. ಜಿಲ್ಲಾಡಳಿತ ಅದನ್ನು ಮಂತ್ರಿಗಳು ಬಂದಾಗ ಮಾತ್ರವಲ್ಲ, ತೇರಿನ ಬೀದಿಯಲ್ಲಿ ಸಾವಿರಾರು ಸಾಮಾನ್ಯ ಜನ ನೆರೆದಾಗಲೂ ನೆನಪಿಟ್ಟುಕೊಳ್ಳಲಿ. ಮಂತ್ರಿಯ ತಲೆ ಒಡೆಯುವಂಥದಾದರೆ ಹಮಾಲಿಯ ತಲೆಯೂ ಒಡೆಯುವಂಥದೇ.

ಕೊನೆಯದಾಗಿ ನಮ್ಮ ಪಕ್ಷದ ಶಾಖೆಗಳಿಗೆ ಒಂದು ಮಾತು. ಊರಿಗೆ ಬುದ್ಧಿ ಹೇಳುವವರು ತಮ್ಮ ಮನೆಯಿಂದ ಪ್ರಾರಂಭಿಸಬೇಕು. ಇನ್ನು ಮುಂದೆ ನಮ್ಮ ರಾತ್ರಿಯ ಸಭೆಗಳಲ್ಲಿ ಜನರ ತಲೆಯ ಮೇಲೆ ಈ ಯಂತ್ರ ಹಾರುವುದು ಬೇಡ. ಸಭೆಗೆ ಎಷ್ಟು ಜನ ಬಂದಿದ್ದರೆಂದು ಆಕಾಶದಿಂದ ತೋರಿಸುವುದಕ್ಕಿಂತ, ಬಂದವರೆಲ್ಲ ನೆಟ್ಟಗೆ ಮನೆ ಸೇರುವುದು ಮುಖ್ಯ.